ಕಟಕಟೆಯ ಕಥೆಗೇಕೆ ಇಷ್ಟು ಆಯುಷ್ಯ?

ಕೋರ್ಟಿನ ಮೆಟ್ಟಿಲು ಹತ್ತುವ ಕಾಲ ಹಗೆಗೂ ಬರಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ವ್ಯಾಜ್ಯಕ್ಕಿಳಿದರೆ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ಅರಿಯದ ಹಳ್ಳಿಯಿಲ್ಲ. ಆದರೆ ನ್ಯಾಯಾಲಯವೆಂದರೆ ಹೀಗೆ ದೂರ ಸರಿಯುವ ಜನರೇ ಟಿಕೆಟು ಕೊಂಡು ಚಿತ್ರಮಂದಿರದಲ್ಲಿ ಕುಳಿತು, ತಮಗೆ ಯಾವ ಸಂಬಂಧವೂ ಇಲ್ಲದ ಮೊಕದ್ದಮೆಯೊಂದನ್ನು ಎರಡು ಮೂರು ತಾಸು ಎವೆಯಿಕ್ಕದೆ ನೋಡುತ್ತಾರೆ. ನೂರಾರು ಚಿತ್ರಗಳು ಬಂದ ತಿಂಗಳಲ್ಲಿಯೇ ಮರೆಯಾಗುತ್ತಿರಲು, ಕಟಕಟೆಯ ಕಥೆಗಳಲ್ಲಿ ಕೆಲವು ಅರ್ಧ ಶತಮಾನ ದಾಟಿಯೂ ಬಾಳುತ್ತಿವೆ. ಇದರ ಮರ್ಮವೇನು? ಸಿನಿಮಾದ ಮಾತು ಈ ಪುಟಕ್ಕೆ ಹೊಸದೆಂದು ವಾಚಕರು ಹುಬ್ಬೇರಿಸದಿರಲಿ. ಈ ಪ್ರಶ್ನೆಯ ಬೇರು ನಮ್ಮ ಮನೆಯ ಪಡಸಾಲೆಯವರೆಗೂ ಹರಿದಿದೆ.

ಮೊದಲು ತೋರುವ ಕಾರಣ ಕುತೂಹಲ. ಕೊಂದವರು ಯಾರು, ಸುಳ್ಳಾಡುತ್ತಿರುವವರು ಯಾರು ಎಂದು ತಿಳಿಯುವ ಹಂಬಲ ಮನುಷ್ಯನಿಗೆ ಸಹಜವಾದುದು. ಅಗಾಥಾ ಕ್ರಿಸ್ಟಿಯವರ ಕೃತಿಯನ್ನಾಧರಿಸಿ ಬಿಲ್ಲಿ ವೈಲ್ಡರ್ ೧೯೫೭ರಲ್ಲಿ ನಿರ್ದೇಶಿಸಿದ ‘ವಿಟ್‌ನೆಸ್ ಫಾರ್ ದಿ ಪ್ರಾಸಿಕ್ಯೂಷನ್’ ಚಿತ್ರವು ಮುಗಿಯುತ್ತಲೇ, ಕೊನೆಯ ಗುಟ್ಟನ್ನು ಇತರರಿಗೆ ಹೇಳಬೇಡಿರೆಂಬ ವಿನಂತಿ ಪ್ರೇಕ್ಷಕರಿಗೆ ಕೇಳಿಬರುತ್ತದೆ. ಗುಟ್ಟೇ ಬಂಡವಾಳವೆಂಬುದನ್ನು ವ್ಯಾಪಾರ ಬಲ್ಲವರು ಅರಿತಿದ್ದರು. ಆದರೆ ಗುಟ್ಟು ಒಮ್ಮೆ ರಟ್ಟಾದ ಮೇಲೆ ಎರಡನೆಯ ಸಲ ನೋಡುವವನಿಗೆ ಉಳಿಯುವುದೇನು? ಕುತೂಹಲವು ಮೊದಲ ವಾರದ ಗಲ್ಲಾಪೆಟ್ಟಿಗೆಯನ್ನು ತುಂಬಬಹುದು. ಐವತ್ತು ವರ್ಷದ ಆಯುಷ್ಯವನ್ನು ಅದೊಂದೇ ಕೊಡಲಾರದು.

ಅದೇ ೧೯೫೭ರಲ್ಲಿ ತೆರೆಕಂಡ ಇನ್ನೊಂದು ಚಿತ್ರವನ್ನು ನೋಡೋಣ. ‘ಟ್ವೆಲ್ವ್ ಆಂಗ್ರಿ ಮೆನ್’ ಎಂದು ಅದರ ಹೆಸರು. ೧೯೫೪ರಲ್ಲಿ ಅಮೆರಿಕದ ದೂರದರ್ಶನಕ್ಕಾಗಿ ರೆಜಿನಾಲ್ಡ್ ರೋಸ್ ಬರೆದ ನಾಟಕವೇ ಅದರ ಮೂಲ. ಸಿಡ್ನಿ ಲುಮೆಟ್ ಅವರಿಗೆ ಅದು ಮೊದಲ ಚಲನಚಿತ್ರ. ಹೆನ್ರಿ ಫಾಂಡಾ ನಟರೂ ಹೌದು, ನಿರ್ಮಾಪಕರಲ್ಲಿ ಒಬ್ಬರೂ ಹೌದು. ತಂದೆಯನ್ನು ಕೊಂದ ಆರೋಪ ಹೊತ್ತ ಬಡ ಹುಡುಗನೊಬ್ಬ. ದೋಷಿಯೆಂದರೆ ಅವನಿಗೆ ಮರಣದಂಡನೆ. ತೀರ್ಮಾನಿಸಬೇಕಾದವರು ಹನ್ನೆರಡು ಮಂದಿ ಜ್ಯೂರಿಗಳು. ಹಾಡಿಲ್ಲ, ಹೊಡೆದಾಟವಿಲ್ಲ, ಹೆಚ್ಚುಕಡಿಮೆ ಇಡೀ ಚಿತ್ರವು ಬೇಸಿಗೆಯ ಸೆಕೆ ತುಂಬಿದ ಒಂದೇ ಕೊಠಡಿಯಲ್ಲಿ ನಡೆಯುತ್ತದೆ. ಮೊದಲ ಮತದಾನದಲ್ಲಿ ಹನ್ನೊಂದು ಕೈಗಳು ಹುಡುಗನ ವಿರುದ್ಧ ಏಳುತ್ತವೆ. ಒಬ್ಬನು ಮಾತ್ರ ಕೈಯೆತ್ತುವುದಿಲ್ಲ. ಹುಡುಗನು ನಿರ್ದೋಷಿಯೆಂದು ಅವನೂ ಹೇಳುವುದಿಲ್ಲ. ಒಂದು ಜೀವದ ಪ್ರಶ್ನೆ, ಸ್ವಲ್ಪ ಹೊತ್ತು ಮಾತನಾಡೋಣ ಎನ್ನುವುದಷ್ಟೇ ಅವನ ಬೇಡಿಕೆ.

ಆ ಮಾತಿನಿಂದಲೇ ಸಾಕ್ಷ್ಯಗಳು ಒಂದೊಂದಾಗಿ ಸಡಿಲಗೊಳ್ಳುತ್ತವೆ. ಅಪರೂಪದ್ದೆಂದ ಚಾಕುವಿನಂಥದೇ ಇನ್ನೊಂದು ಚಾಕು ಹತ್ತಿರದ ಅಂಗಡಿಯಲ್ಲಿ ದೊರೆತಿರುತ್ತದೆ. ಹದಿನೈದು ಸೆಕೆಂಡಿನಲ್ಲಿ ಬಾಗಿಲಿಗೆ ಬಂದೆನೆಂದ ಕುಂಟುವ ಮುದುಕನಿಗೆ ನಲವತ್ತಕ್ಕೂ ಮಿಕ್ಕು ಸೆಕೆಂಡು ಬೇಕಾಗುತ್ತದೆಂದು ನಡೆದು ತೋರಿಸಲಾಗುತ್ತದೆ. ಕೊಲೆಯನ್ನು ಕಣ್ಣಾರೆ ಕಂಡೆನೆಂದ ಹೆಂಗಸಿನ ಮೂಗಿನ ಮೇಲೆ ಕನ್ನಡಕದ ಗುರುತಿದ್ದುದು ಒಬ್ಬನಿಗೆ ನೆನಪಾಗುತ್ತದೆ. ಕೊನೆಗೆ ಹನ್ನೆರಡೂ ಮತಗಳು ಹುಡುಗನ ಬಿಡುಗಡೆಯ ಕಡೆಗೆ ತಿರುಗುತ್ತವೆ. ಆದರೆ ನಿಜವಾಗಿ ಕೊಂದವರು ಯಾರೆಂಬುದನ್ನು ಚಿತ್ರವು ಹೇಳುವುದೇ ಇಲ್ಲ.

ಈ ಚಿತ್ರವು ಬಿಡುಗಡೆಯಾದಾಗ ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಬರ್ಲಿನ್ ಚಿತ್ರೋತ್ಸವದಲ್ಲಿ ಸ್ವರ್ಣ ಕರಡಿ ಪ್ರಶಸ್ತಿ ಬಂದಿತು. ಮೂರು ಆಸ್ಕರ್‌ಗಳಿಗೆ ಹೆಸರು ಸೂಚಿತವಾಗಿ ಒಂದೂ ದಕ್ಕಲಿಲ್ಲ. ಆದರೆ ಅಂದು ಸೋತ ಚಿತ್ರವೇ ಮುಂದೆ ದೇಶದೇಶಗಳಲ್ಲಿ ಮರುಹುಟ್ಟು ಪಡೆಯಿತು. ೧೯೮೬ರಲ್ಲಿ ಬಾಸು ಚಟರ್ಜಿಯವರು ಹಿಂದಿಯಲ್ಲಿ ‘ಏಕ್ ರುಕಾ ಹುವಾ ಫೈಸಲಾ’ ಮಾಡಿದರು. ೨೦೦೭ರಲ್ಲಿ ರಷ್ಯದ ನಿಕಿತಾ ಮಿಖಾಲ್ಕೋವ್ ಅದೇ ಕಥೆಯನ್ನು ಚೆಚೆನ್ ಹುಡುಗನೊಬ್ಬನ ಮೇಲಿನ ಮೊಕದ್ದಮೆಯಾಗಿಸಿದರು. ೨೦೧೪ರಲ್ಲಿ ಚೀನಾದಲ್ಲಿಯೂ ಅದು ಚಿತ್ರವಾಯಿತು. ನಮ್ಮಲ್ಲಿಯಂತೂ ೧೯೫೯ರ ನಾನಾವತಿ ಪ್ರಕರಣದ ಬಳಿಕ ಜ್ಯೂರಿ ಪದ್ಧತಿಯು ಕ್ರಮೇಣ ಕಣ್ಮರೆಯಾಗಿತ್ತು. ಪದ್ಧತಿಯೇ ಇಲ್ಲದ ದೇಶದಲ್ಲಿ ಕಥೆ ಹೇಗೆ ಹಿಡಿಸಿತು? ಅದು ಕಾನೂನಿನ ಕಥೆಯಾಗಿರದೆ ಮನುಷ್ಯರು ಇನ್ನೊಬ್ಬ ಮನುಷ್ಯನನ್ನು ತೂಗುವ ಕಥೆಯಾಗಿದ್ದುದರಿಂದ ಎಂದೇ ಹೇಳಬೇಕು. ಗುಟ್ಟನ್ನು ಅದು ಬಚ್ಚಿಟ್ಟಿರಲಿಲ್ಲವಾದ್ದರಿಂದ ರಟ್ಟಾಗಿ ಹಳಸುವ ಭಯವೂ ಅದಕ್ಕಿರಲಿಲ್ಲ.

ಗೆಲುವೇ ಜನರನ್ನು ಸೆಳೆಯುತ್ತದೆಂದು ತಿಳಿಯುವುದೂ ಸರಿಯಲ್ಲ. ಹಾರ್ಪರ್ ಲೀ ಅವರ ಕಾದಂಬರಿಯನ್ನಾಧರಿಸಿ ೧೯೬೨ರಲ್ಲಿ ಬಂದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಚಿತ್ರದಲ್ಲಿ ಸುಳ್ಳು ಆರೋಪಕ್ಕೆ ಗುರಿಯಾದ ಕಪ್ಪು ಜನಾಂಗದ ಬಡವನ ಪರವಾಗಿ ಬಿಳಿಯ ವಕೀಲ ಆಟಿಕಸ್ ಫಿಂಚ್ ವಾದಿಸಿ ಸೋಲುತ್ತಾನೆ. ಸೋತು ಹೊರನಡೆಯುವಾಗ ಮೇಲಂತಸ್ತಿನಲ್ಲಿ ಕುಳಿತ ಕಪ್ಪು ಜನರೆಲ್ಲ ಮೌನವಾಗಿ ಎದ್ದು ನಿಲ್ಲುತ್ತಾರೆ. ಆ ಚಿತ್ರ ಹಾಕಿದ ಹಣದ ಹಲವು ಪಟ್ಟು ಗಳಿಸಿತು. ಗ್ರೆಗರಿ ಪೆಕ್ ಅವರಿಗೆ ಆಸ್ಕರ್ ತಂದಿತು. ೨೦೦೩ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಚಿತ್ರನಾಯಕರ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಸಂದುದು ಸೋತ ಈ ವಕೀಲನಿಗೇ!

ನಮ್ಮ ದೇಶದ ಅನುಭವವೂ ಬೇರೆಯಲ್ಲ. ಹಾಡಿಲ್ಲದ ಹಿಂದಿ ಚಿತ್ರವನ್ನು ಊಹಿಸಲಾಗದ ಕಾಲದಲ್ಲಿ, ೧೯೬೦ರಲ್ಲಿ, ಬಿ.ಆರ್. ಚೋಪ್ರಾ ಅವರು ಒಂದೂ ಹಾಡಿಲ್ಲದೆ ‘ಕಾನೂನ್’ ತೆಗೆದು ಮರಣದಂಡನೆಯ ಪ್ರಶ್ನೆಯನ್ನು ಜನರ ಮುಂದಿಟ್ಟರು. ೧೯೯೩ರ ‘ದಾಮಿನಿ’ಯಲ್ಲಿ ಮನೆಗೆಲಸದ ಹುಡುಗಿಯ ಮೇಲಾದ ಅತ್ಯಾಚಾರವನ್ನು ಕಂಡ ಸೊಸೆಯು, ಮನೆತನದ ಮಾನದ ಹೆಸರಿನಲ್ಲಿ ಬಾಯಿಮುಚ್ಚಲು ಒಪ್ಪದೆ ಸಾಕ್ಷಿ ನುಡಿಯುತ್ತಾಳೆ. ತಾರೀಖಿನ ಮೇಲೆ ತಾರೀಖು ಬೀಳುವುದನ್ನು ಖಂಡಿಸಿ ಅದರಲ್ಲಿ ವಕೀಲನು ಆಡುವ ಮಾತು ಇಂದಿಗೂ ಜನರ ನಾಲಗೆಯಲ್ಲಿದೆ. ದೇಶದ ನ್ಯಾಯಾಲಯಗಳಲ್ಲಿ ಬಾಕಿಯಿರುವ ಮೊಕದ್ದಮೆಗಳ ಸಂಖ್ಯೆ ೨೦೨೩ರಲ್ಲಿ ೫ ಕೋಟಿಯನ್ನು ಮೀರಿತ್ತು. ಹಾಗಿರುವಾಗ ಆ ಮಾತು ಹಳತಾಗುವುದೆಂತು?

ಇನ್ನು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದೆ ಈ ಬರಹ ಮುಗಿಯದು. ಸುಮಾರು ಮೂವತ್ತು ವರ್ಷಗಳ ಹಿಂದೆ ಒಂದು ಊರಿನಲ್ಲಿ ಕಣದಲ್ಲಿದ್ದ ಜೋಳದ ಚೀಲಗಳು ಕಳವಾದವು. ಸಂಶಯವು ಕೂಲಿಯ ಹುಡುಗನೊಬ್ಬನ ಮೇಲೆ ಬಿದ್ದಿತು. ಪಂಚರಾಗಿ ಕುಳಿತ ಐವರಲ್ಲಿ ನಾನೂ ಒಬ್ಬ. ಓದಿದವರು, ನೀವೂ ಇರಬೇಕೆಂದು ಕರೆದಿದ್ದರು. ನಾಲ್ವರು ಅವನೇ ಕಳ್ಳನೆಂದರು. ನನಗೆ ಅನುಮಾನವಿತ್ತು. ಆದರೆ ಹೊತ್ತು ಮೀರಿತ್ತು, ಒಳಗೆ ಊಟಕ್ಕೆ ಎಲೆ ಹಾಕಿದ್ದರು. ನಾನೂ ತಲೆಯಾಡಿಸಿದೆ. ಹುಡುಗನು ತಾಯಿಯೊಡನೆ ಊರು ಬಿಟ್ಟನು. ಚೀಲಗಳನ್ನು ಮಾರಿದವನು ಮಾಲೀಕನ ಮನೆಯವನೇ ಎಂದು ತಿಳಿದಾಗ ಆರು ತಿಂಗಳು ಕಳೆದಿತ್ತು. ಹುಡುಗನು ಎಲ್ಲಿರುವನೆಂದು ಯಾರಿಗೂ ತಿಳಿಯಲಿಲ್ಲ.

ಮುಂದೆ ಆ ಹನ್ನೆರಡು ಜನರ ಚಿತ್ರವನ್ನು ನೋಡಿದೆ. ಅದರಲ್ಲಿ ಒಬ್ಬನ ಜೇಬಿನಲ್ಲಿ ಆ ಸಂಜೆಯ ಆಟದ ಟಿಕೆಟು ಇರುತ್ತದೆ; ಆಟ ತಪ್ಪೀತೆಂದು ಬೇಗ ಮುಗಿಸಲು ಅವಸರಿಸುತ್ತಾನೆ. ಸಭೆಯಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅವನ ಟಿಕೆಟಿನಲ್ಲಿ ನನಗೆ ಕಂಡುದು ಅಂದಿನ ಊಟದ ಎಲೆ.

ಇಂಥ ಚಿತ್ರಗಳು ಬಾಳುವ ಮರ್ಮ ಇಲ್ಲಿದೆಯೆಂದು ನಾನು ನಂಬಿದ್ದೇನೆ. ಅವು ನಮ್ಮನ್ನು ನ್ಯಾಯಾಧೀಶರ ಪೀಠದಲ್ಲಿ ಕೂರಿಸಿದಂತೆ ಮಾಡಿ, ಮೆಲ್ಲಗೆ ಕಟಕಟೆಗೆ ತಂದು ನಿಲ್ಲಿಸುತ್ತವೆ. ತೆರೆಯ ಮೇಲೆ ಎರಡು ತಾಸಿನಲ್ಲಿ ದೊರೆಯುವ ನ್ಯಾಯವು ಹೊರಗೆ ಅಷ್ಟು ಬೇಗ ದೊರೆಯದೆಂಬುದು ನಿಜ. ಆದರೆ ನಮ್ಮ ಮನೆಗಳಲ್ಲಿ ದಿನವೂ ನಡೆಯುವ ವಿಚಾರಣೆಗಳಿಗೆ ವಕೀಲರಿಲ್ಲ, ಮೇಲ್ಮನವಿಯೂ ಇಲ್ಲ. ಒಡವೆ ಕಾಣದಾದಾಗ ಕೆಲಸದಾಕೆಯ ಕಡೆ ಹೊರಳುವ ಕಣ್ಣು, ಕೇಳಿದ ಮಾತಿನಿಂದಲೇ ಸೊಸೆಯ ಮೇಲೆ ಕಟ್ಟುವ ತೀರ್ಮಾನ, ಇವೂ ತೀರ್ಪುಗಳೇ. ಎಲ್ಲರ ತಲೆಯೂ ಒಂದೇ ಕಡೆ ಆಡುತ್ತಿರುವಾಗ, ಇನ್ನೂ ಸ್ವಲ್ಪ ಹೊತ್ತು ಮಾತನಾಡೋಣ ಎನ್ನುವವರು ಪ್ರತಿ ಮನೆಯಲ್ಲಿಯೂ ಒಬ್ಬರಿರಲಿ. ಊಟ ತುಸು ಆರಿದರೂ ಚಿಂತೆಯಿಲ್ಲ.