ದಾಳ ಉರುಳುವ ಮೊದಲೇ

ಮೇಜಿನ ಸುತ್ತ ನಾಲ್ಕೈದು ಮಂದಿ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಮುಂದೇನಾಗಬೇಕೆಂಬುದನ್ನು ದಾಳ ಹಾಕಿ ತೀರ್ಮಾನಿಸುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಹಬ್ಬಿದ ಈ ಬಗೆಯ ಆಟ ದೊಡ್ಡ ಊರುಗಳ ಹುಡುಗ ಹುಡುಗಿಯರಿಗೆ ಈಗ ಹೊಸದಲ್ಲ. ಓದಲೆಂದು ಮೈಸೂರಿಗೋ ಕೊಯಮತ್ತೂರಿಗೋ ಹೋದವರ ಜೊತೆ ರಜೆಯಲ್ಲಿ ಅದು ಬೆಟ್ಟದ ಮೇಲಿನ ತಾಳವಾಡಿಗೂ ಬಂದೀತು. ಬರಲಿ. ತಮಿಳುನಾಡಿನಲ್ಲಿದ್ದು ಕನ್ನಡದಲ್ಲೇ ಮನೆಮಾತು ನಡೆಸುವ ಈ ಬೆಟ್ಟದ ಮಕ್ಕಳಿಗೆ ಕಥೆ ಕಟ್ಟಲು ಇದೊಂದು ಒಳ್ಳೆಯ ನೆಪ. ಆದರೆ ಇಂಥ ಕಥೆಗಳಲ್ಲಿ ಎಲ್ಲೋ ಒಂದು ಕಡೆ ಜೂಜಿನ ಸನ್ನಿವೇಶ ಎದುರಾಗುತ್ತದೆ. ಅದನ್ನು ಹೇಗೆ ನಡೆಸಬೇಕೆಂದು ಆಟ ಊರಿಗೆ ಬರುವ ಮೊದಲೇ ಯೋಚಿಸಬೇಕು.

ದಾಳ ಕಂಡು ಹೆದರಬೇಕೆಂದು ನಾವು ಹೇಳುತ್ತಿಲ್ಲ. ಹುಣಸೆ ಬೀಜವನ್ನು ಕಲ್ಲಿನ ಮೇಲೆ ಉಜ್ಜಿ, ಒಂದು ಮಗ್ಗುಲು ಬೆಳ್ಳಗಾದ ಮೇಲೆ ಕವಡೆಯ ಬದಲು ಅದನ್ನೇ ಎಸೆದು ಚೌಕಾಬಾರ ಆಡಿದ ಕೈಗಳು ನಮ್ಮವು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಎಂಟು, ಎರಡಕ್ಕೂ ಮತ್ತೊಂದು ಸಲ ಎಸೆಯುವ ಹಕ್ಕು. ಈ ಆಟದಿಂದ ಯಾವ ಮನೆಯೂ ಹಾಳಾಗಲಿಲ್ಲ. ಪಣವಾಗಿ ದುಡ್ಡು ಬಂದಾಗ ಮಾತು ಬೇರೆಯಾಗುತ್ತದೆ. ಯುಗಾದಿಯ ನೆಪದಲ್ಲಿ ಇಸ್ಪೀಟು ಎಲೆ ಹಿಡಿಯುವುದನ್ನು ಹಳೇ ಮೈಸೂರು ಸೀಮೆ ತಪ್ಪೆಂದೇ ಎಣಿಸದೆ ನಡೆಸಿಕೊಂಡು ಬಂದಿದೆ. ಹಬ್ಬ ಮುಗಿದರೂ ಕೆಲವರ ಕೈಯಿಂದ ಎಲೆ ಇಳಿಯುವುದಿಲ್ಲ.

ಮೊಬೈಲಿನ ಮಾತು ಇನ್ನೂ ಕಠಿಣ. ತಮಿಳುನಾಡು 2022ರಲ್ಲಿ ಆನ್‌ಲೈನ್ ಜೂಜಿನ ನಿಷೇಧಕ್ಕೆ ಕಾಯ್ದೆ ತಂದಿತು. ಅದು ರಮ್ಮಿ, ಪೋಕರಿಗೆ ಅನ್ವಯಿಸದೆಂದು 2023ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಕರ್ನಾಟಕ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಅಲ್ಲಿನ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ, ಜಾಣ್ಮೆಯ ಆಟವೋ ಅದೃಷ್ಟದ ಆಟವೋ ಎಂದು ನೋಡದೆ ದುಡ್ಡಿನ ಆನ್‌ಲೈನ್ ಆಟವನ್ನೇ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆದರೆ ಜಗಲಿಯ ಮೇಲೆ ಕೂತು ಆಡುವ ಮಕ್ಕಳ ಮೇಲೆ ಕಣ್ಣಿಡುವ ಕೆಲಸ ಆ ಕಾಯ್ದೆಯದಲ್ಲ, ನಮ್ಮದು.

ಕಥೆ ನಡೆಸುವವರು ಇಲ್ಲಿ ಎಡವುವುದು ಹೀಗೆ: ಜೂಜಿನ ಮನೆಯ ಸನ್ನಿವೇಶ ಬಂದಾಗ ಸುತ್ತಿನ ಮೇಲೆ ಸುತ್ತು ನಿಜವಾಗಿಯೇ ಆಡಿಸುತ್ತಾರೆ. ‘ಮಜಾ ಬರಲಿ’ ಎಂದು ಯಾರೋ ಐದು ರೂಪಾಯಿ ಇಡುತ್ತಾರೆ. ಒಬ್ಬ ಆಡುತ್ತಾನೆ, ಉಳಿದವರು ಆಕಳಿಸುತ್ತಾರೆ. ಕಥೆ ಅಲ್ಲಿಗೆ ನಿಂತಿತು, ಜೂಜು ಮಾತ್ರ ಉಳಿಯಿತು.

ಮಹಾಭಾರತ ಈ ಸನ್ನಿವೇಶವನ್ನು ನಡೆಸಿದ ಬಗೆ ನೋಡಿ. ಶಕುನಿಯ ದಾಳ ಹೇಗೆ ಬಿತ್ತೆಂಬುದು ಅಲ್ಲಿ ಮುಖ್ಯವಲ್ಲ. ಧರ್ಮರಾಯ ಒಂದೊಂದಾಗಿ ಏನು ಪಣವಿಟ್ಟ, ತಮ್ಮಂದಿರನ್ನೂ ತನ್ನನ್ನೂ ಕಳೆದುಕೊಂಡ ಮೇಲೆ ದ್ರೌಪದಿಯನ್ನು ಪಣವಿಡುವ ಹಕ್ಕು ಅವನಿಗೆ ಎಲ್ಲಿತ್ತು ಎಂಬ ಪ್ರಶ್ನೆಯೇ ಕಥೆ. ನಳ ತಿಂಗಳುಗಟ್ಟಲೆ ಸೋಲುತ್ತಿದ್ದಾಗ ದಮಯಂತಿ ಕಾಯುತ್ತ ಕೂರಲಿಲ್ಲ. ಸಾರಥಿ ವಾರ್ಷ್ಣೇಯನನ್ನು ಕರೆದು ಮಕ್ಕಳಿಬ್ಬರನ್ನೂ ರಥ ಹತ್ತಿಸಿ ತವರಿಗೆ ಕಳಿಸಿದಳು. ರಾಜ್ಯ ಹೋಗುವ ಮೊದಲೇ ಅವಳಿಗೆ ಅದು ಕಂಡಿತ್ತು.

ಆದ್ದರಿಂದ ಪಣವೇನೆಂದು ಮೊದಲು ಕೇಳಿ: ಗುಟ್ಟೋ, ಕೊಟ್ಟ ಮಾತೋ, ಪಾತ್ರದ ಏಕೈಕ ಎತ್ತೋ? ದಾಳ ಒಂದೇ ಸಲ ಹಾಕಿಸಿ, ಹೆಚ್ಚೆಂದರೆ ಮೂರು ಸಲ. ಸೋತವನನ್ನು ಅವನ ಮನೆಗೂ ಕರೆದೊಯ್ಯಿರಿ. ಎತ್ತಿಲ್ಲದ ಕೊಟ್ಟಿಗೆಯಲ್ಲಿ ಹೆಂಡತಿ ಏನು ಕೇಳುತ್ತಾಳೆ, ಆಡಿ ತೋರಿಸಲಿ. ಗೆದ್ದವನ ಕೇಕೆಗೆ ಕೊಟ್ಟಷ್ಟೇ ಹೊತ್ತು ಇದಕ್ಕೂ ಸಿಗಬೇಕು. ಮನೆಯಲ್ಲಿ ಜೂಜಿನ ಪೆಟ್ಟು ತಿಂದ ಮಗು ಮೇಜಿನಲ್ಲಿರಬಹುದು. ಆಟಕ್ಕೆ ಮುಂಚೆಯೇ ಎಲ್ಲರನ್ನೂ ಕೇಳಿ. ಒಬ್ಬರು ಬೇಡವೆಂದರೂ ಆ ಸನ್ನಿವೇಶ ಬಿಡಿ, ಕಾರಣ ಕೆದಕಬೇಡಿ.

ಲೆಕ್ಕವನ್ನೂ ತೋರಿಸಿ. ಆರು ಚಿತ್ರಗಳ ದಾಳ, ನಿಮ್ಮ ಚಿತ್ರ ಬಿದ್ದರೆ ಹತ್ತು ರೂಪಾಯಿಗೆ ನಲವತ್ತು ಲಾಭ ಎನ್ನೋಣ. ಆರು ಸುತ್ತಿಗೆ ಸರಾಸರಿ ಒಂದು ಗೆಲುವು, ಐದು ಸೋಲು. ನಲವತ್ತು ಬಂತು, ಐವತ್ತು ಹೋಯಿತು. ಮೋಸವೇ ಇಲ್ಲದಿದ್ದರೂ ಆ ಹತ್ತು ರೂಪಾಯಿ ಆಡಿಸುವವನದು. ಮಕ್ಕಳೇ ಕಾಗದದ ಮೇಲೆ ಇದನ್ನು ಬರೆದು ಕಂಡುಕೊಳ್ಳಲಿ.

ತಾಳವಾಡಿಯ ಶಿಕ್ಷಕರಲ್ಲಿ, ರಜೆಗೆ ಬರುವ ಅಕ್ಕ ಅಣ್ಣಂದಿರಲ್ಲಿ ನಮ್ಮ ವಿನಂತಿ ಇಷ್ಟೇ: ಆಟ ಕಲಿಸಿ, ಕಥೆ ಕನ್ನಡದಲ್ಲೇ ನಡೆಯಲಿ. ಮೇಜಿನ ಮೇಲೆ ಯಾರಾದರೂ ಒಂದು ರೂಪಾಯಿ ಇಟ್ಟರೂ ಅಂದಿನ ಆಟ ಅಲ್ಲಿಗೇ ನಿಲ್ಲಿಸಿ.