ಕಥೆಪುಸ್ತಕ ಓದಿದರೆ 'ಸುಮ್ನೆ ಕೂತಂಗೆ'ಯೇ?



ಹೋದ ಭಾನುವಾರ ನಾನು ಜಗಲಿ ಮೇಲೆ ಕೂತು ಒಂದು ಕಾದಂಬರಿ ಓದುತ್ತಿದ್ದೆ. ದಾರೀಲಿ ಬಂದ ನಮ್ಮ ದೊಡ್ಡಪ್ಪ "ಏನವ್ವ, ಪಾಠನಾ?" ಅಂದರು. "ಇಲ್ಲ ದೊಡ್ಡಪ್ಪ, ಕಥೆಪುಸ್ತಕ" ಅಂದೆ. "ಹಂಗಾದ್ರೆ ಎದ್ದು ಕೊಟ್ಟಿಗೆನಾದ್ರೂ ಗುಡಿಸು, ಯಾಕೆ ಸುಮ್ನೆ ಕೂತಿದ್ದೀಯ?" ಅಂದುಬಿಟ್ಟರು. ಪಾಠದ ಪುಸ್ತಕ ಹಿಡಿದರೆ ನಾನು ಓದುತ್ತಿದ್ದೇನೆ, ಕಥೆಪುಸ್ತಕ ಹಿಡಿದರೆ ಸುಮ್ಮನೆ ಕೂತಿದ್ದೇನೆ! ಇದು ಯಾವ ನ್ಯಾಯ? ಅದಕ್ಕೇ ಈ ಲೇಖನ.

ದೊಡ್ಡವರು ಕೆಲಸ ಇಲ್ಲದಾಗ ಏನು ಓದುತ್ತಾರೆ ಅಂತ ನಮ್ಮ ಬೀದೀಲಿ ಒಂದು ವಾರ ಕೇಳಿಕೊಂಡು ಬಂದೆ. ಮೊದಲು "ಅಯ್ಯೋ, ನಾವೆಲ್ಲಿ ಓದೋದು!" ಅಂತಲೇ ಎಲ್ಲರೂ ಅಂದರು. ಆಮೇಲೆ ಒಂದೊಂದೇ ಹೊರಗೆ ಬಂತು. ಕಟಿಂಗ್ ಅಂಗಡಿಯಲ್ಲಿ ಒಂದೇ ಪೇಪರನ್ನು ಹಾಳೆ ಹಾಳೆ ಬಿಡಿಸಿ ನಾಲ್ಕು ಜನ ಓದುತ್ತಾರೆ. ಬಟ್ಟೆ ಹೊಲಿಯುವ ಅಕ್ಕ ಹಳೇ 'ಸುಧಾ', 'ತರಂಗ'ಗಳನ್ನು ಮಿಷನ್ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ, ಕರೆಂಟು ಹೋದಾಗ ಧಾರಾವಾಹಿ ಓದುತ್ತಾರೆ. ಕೆಲವು ಕಂತು ಸಿಗದಿದ್ದರೆ ನಡುವಿನ ಕಥೇನ ತಾವೇ ಕಟ್ಟಿಕೊಳ್ಳುತ್ತಾರಂತೆ! ಎದುರುಮನೆ ತಾತ ಜೈಮಿನಿ ಭಾರತ ಬಿಟ್ಟು ಬೇರೆ ಮುಟ್ಟೋದಿಲ್ಲ. ಲಾರಿ ಓಡಿಸುವ ನಮ್ಮ ಚಿಕ್ಕಪ್ಪ ಲೋಡು ಇಳಿಯೋವರೆಗೂ ಫೋನಿನಲ್ಲೇ ಕಥೆ ಓದುತ್ತಾರೆ.

ಕೊನೆಗೆ ದೊಡ್ಡಪ್ಪನನ್ನೇ ಕೇಳಿದೆ. ಮೊದಲು ಗದರಿದರು, ಆಮೇಲೆ ನಕ್ಕರು. ಹುಡುಗನಾಗಿದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಅಂದರೆ ಅವರಿಗೆ ಹುಚ್ಚಂತೆ. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದವರು, ಪತ್ತೇದಾರ ಪುರುಷೋತ್ತಮ ಅವರು ಸೃಷ್ಟಿಸಿದ ಪಾತ್ರ. ಆಲೆಮನೇಲಿ ರಾತ್ರಿ ಒಲೆಗೆ ಸಿಪ್ಪೆ ಹಾಕುತ್ತಾ ಅದೇ ಬೆಳಕಲ್ಲಿ ಓದಿ, ಒಂದು ಸಲ ಪಾಕ ಸೀದು ತಾತನ ಕೈಲಿ ಏಟು ತಿಂದರಂತೆ. ನೋಡಿದಿರಾ ಸ್ನೇಹಿತರೇ! ನನಗೆ 'ಸುಮ್ನೆ ಕೂತಿದ್ದೀಯ' ಅಂದವರು ಇವರೇ!

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ನಮ್ಮವ್ವ ಹೇಳಿದ ಮಾತು. ಅವ್ವ ಶಾಲೆಯಲ್ಲಿದ್ದಾಗ 'ಚಂದಮಾಮ' ಓದುತ್ತಿದ್ದರಂತೆ. ಅದು ಕನ್ನಡದಲ್ಲಿ 1949ರಿಂದ ಬರುತ್ತಿದ್ದ ಮಕ್ಕಳ ಮಾಸಪತ್ರಿಕೆ, 2013ರಲ್ಲಿ ನಿಂತುಹೋಯಿತು. ಮದುವೆ ಆದಮೇಲೆ ಏನು ಓದಿದೆ ಅಂತ ಕೇಳಿದೆ. "ರೇಷನ್ ಕಾರ್ಡು, ನಿನ್ನ ಮಾರ್ಕ್ಸ್ ಕಾರ್ಡು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಏನು ಓದ್ತೀಯಾ ಅಂತ ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಕಣೆ" ಅಂದರು. ಆವತ್ತು ರಾತ್ರಿ ನಾನು ಓದುತ್ತಿದ್ದ ಪುಸ್ತಕ ಅವ್ವನಿಗೆ ಕೊಟ್ಟೆ. ಅದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ', 1980ರಲ್ಲಿ ಬಂದ ಕಾದಂಬರಿ. ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ ಎಲ್ಲರೂ ಹಾರುವ ಓತಿ ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ. ಈಗ ನಮ್ಮ ಮನೇಲಿ ಆ ಪುಸ್ತಕಕ್ಕೆ ಜಗಳ. ಅವ್ವ ಇಟ್ಟ ಗುರುತು ನನ್ನ ಗುರುತನ್ನು ದಾಟಿ ಹೋಗಿದೆ!

"ಇದರಿಂದ ಪರೀಕ್ಷೆಗೇನು ಲಾಭ?" ಅಂತ ಕೆಲವರು ಕೇಳಬಹುದು. ಲಾಭ ಇದೆ. ಹಾರುವ ಓತಿ ಹಕ್ಕಿ ಥರ ರೆಕ್ಕೆ ಬಡಿಯೋದಿಲ್ಲ, ಪಕ್ಕೆಲುಬಿನ ಚರ್ಮ ಅಗಲ ಮಾಡಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ. ಇದನ್ನು ನಾನು ಬಾಯಿಪಾಠ ಮಾಡಲಿಲ್ಲ, ತಾನಾಗೇ ತಲೇಲಿ ಕೂತಿತು. ಆದರೆ ಲಾಭಕ್ಕಾಗಿಯೇ ಓದಬೇಕು ಅಂತ ನಾನು ಹೇಳೋದಿಲ್ಲ. ಕಬಡ್ಡಿ ಆಡಿದರೆ ಎಷ್ಟು ಮಾರ್ಕ್ಸು ಅಂತ ಯಾರೂ ಕೇಳುವುದಿಲ್ಲವಲ್ಲ? ಖುಷಿಯಾಗುತ್ತದೆ, ಅಷ್ಟು ಸಾಲದೇ?

ಓದಲು ಪುಸ್ತಕ ಬೇಕಲ್ಲ! ರಾಜ್ಯದ ಗ್ರಂಥಾಲಯ ಕಾಯ್ದೆ 1965ರದು. ಹಳ್ಳಿ ಗ್ರಂಥಾಲಯಗಳನ್ನು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. 2020ರಲ್ಲಿ 'ಓದುವ ಬೆಳಕು' ಅಂತ ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವವನ್ನೂ ಕೊಟ್ಟರು. ಕಾಗದದ ಮೇಲೆ ಎಲ್ಲ ಸರಿ. ಆದರೆ ನಾವು ಶಾಲೆ ಬಿಟ್ಟು ಹೋಗುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಭಾನುವಾರ ಹೋಗೋಣ ಅಂದರೆ ಎದುರಿಗೇ ಟೀ ಅಂಗಡಿ, ಗಂಡಸರು ಕೂತಿರುತ್ತಾರೆ. ಹುಡುಗರು ಹೋಗಿ ಬರುತ್ತಾರೆ. ಹುಡುಗಿಯರನ್ನು ಮನೇಲಿ ಕಳಿಸುವುದಿಲ್ಲ. ನಮ್ಮವ್ವನಂಥವರು ಹೋಗುವ ಮಾತೇ ಇಲ್ಲ.

ಇನ್ನು ನಮ್ಮ ಶಾಲೆಯ ಬೀರು. ಅದರೊಳಗೆ ಪುಸ್ತಕಗಳಿವೆ, ಹೊರಗೆ ಬೀಗ ಇದೆ. ಗುರುಗಳನ್ನು ನಾನು ದೂರುವುದಿಲ್ಲ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಅವರೇ. ಆದರೂ ಬೀಗದೊಳಗಿನ ಪುಸ್ತಕಕ್ಕೆ ಗೆದ್ದಲು ಲೆಕ್ಕ ಕೊಡುತ್ತದೆಯೇ? ಪಾಂಡವಪುರ ತಾಲ್ಲೂಕು ಹರಳಹಳ್ಳಿಯ ಅಂಕೇಗೌಡರು ಒಂದು ಕಾಲದಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ಲಕ್ಷಗಟ್ಟಲೆ ಪುಸ್ತಕ ಕೂಡಿಸಿ, ಬಂದವರಿಗೆಲ್ಲ ಓದಲು ತೆರೆದಿಟ್ಟಿದ್ದಾರೆ. ನಮ್ಮದು ಒಂದೇ ಬೀರು!

ಅದಕ್ಕೆ ನನ್ನ ವಿನಂತಿ ಇಷ್ಟೇ. ಶನಿವಾರ ಕೊನೇ ಪೀರಿಯಡ್ಡಿನಲ್ಲಿ ಬೀರು ತೆಗೆಸಿ. ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಖು ಬರೆದುಕೊಳ್ಳುವ ಕೆಲಸ ನಾವೇ ಮಾಡುತ್ತೇವೆ. ಹರಿದದ್ದನ್ನು ಗೋಂದು ಹಾಕಿ ಅಂಟಿಸುತ್ತೇವೆ. ಪುಸ್ತಕ ಮನೆಗೆ ಒಯ್ಯಲು ಬಿಡಿ. ಒಂದು ಪುಸ್ತಕ ಮನೆಗೆ ಹೋದರೆ ಓದುವವರು ಒಬ್ಬರೇ ಅಲ್ಲ, ಒಲೆ ಮುಂದೆ ಇನ್ನೊಬ್ಬರೂ ಇರುತ್ತಾರೆ.

ಸ್ನೇಹಿತರೇ, ನೀವೂ ಇವತ್ತು ಮನೆಗೆ ಹೋಗಿ ನಿಮ್ಮ ಅವ್ವನನ್ನು "ಏನು ಓದೋಕೆ ಇಷ್ಟ?" ಅಂತ ಕೇಳಿ. 'ದೇಶ ಸುತ್ತು, ಕೋಶ ಓದು' ಅಂತಾರೆ. ದೇಶ ಸುತ್ತೋಕೆ ನಮ್ಮ ಹತ್ತಿರ ದುಡ್ಡಿಲ್ಲ, ಕೋಶನಾದರೂ ಓದೋಣ. ತಪ್ಪು ಬರೆದಿದ್ದರೆ ಗುರುಗಳು ಮನ್ನಿಸಬೇಕು.

— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ