ಎದೆಹಾಲಿನ ‘ಜೊತೆಗೆ’ ಏನೂ ಬೇಡ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹಳ್ಳಿಗಳಿಂದ ನಮ್ಮ ಚಿಕಿತ್ಸಾಲಯಕ್ಕೆ ಹಸುಗೂಸುಗಳನ್ನು ಎತ್ತಿ ತರುವವರು ಬಹುಮಟ್ಟಿಗೆ ಅಜ್ಜಿಯಂದಿರು. “ಏನು ಕುಡಿಸುತ್ತಿದ್ದೀರಿ ತಾಯಿ?” ಎಂದರೆ, “ಎದೆಹಾಲೇ ಸ್ವಾಮಿ, ಜೊತೆಗೆ ಒಂದು ಒಳಲೆ ಹಸುವಿನ ಹಾಲು, ಚೂರು ಬಜೆ, ಜೇನು” ಎನ್ನುತ್ತಾರೆ. ಆ ‘ಜೊತೆಗೆ’ ಎಂಬುದರ ಬಗೆಗೆ ಭಕ್ತಬಂಧುಗಳಲ್ಲಿ ಬಿನ್ನವಿಸಬೇಕಾಗಿದೆ.

ನವಜಾತ ಶಿಶುವಿಗೆ ಜೇನುತುಪ್ಪವನ್ನೂ ಘೃತವನ್ನೂ ನೆಕ್ಕಿಸುವ ವಿಧಿ ಸುಶ್ರುತ ಸಂಹಿತೆಯಲ್ಲಿಯೇ ಇದೆ. ತಾಯಿಗೆ ಹಾಲಿಳಿಯಲು ಮೂರು ನಾಲ್ಕು ದಿನ ಬೇಕೆಂದು ಅಂದು ಭಾವಿಸಿದ್ದರು. ವೃತ್ತಿಯ ಮೊದಲ ವರ್ಷಗಳಲ್ಲಿ ನಾವೂ ಹಾಗೆಯೇ ಹೇಳಿದೆವು; ಇಂದು ಹೇಳುವುದಿಲ್ಲ. ಹೆರಿಗೆಯಾದ ಗಂಟೆಯೊಳಗೆ ದೊರೆಯುವ ಹಳದಿ ಹಾಲು ಸ್ವಲ್ಪವೇ ಆದರೂ ಶಿಶುವಿಗೆ ಅಷ್ಟೇ ಸಾಕು. ಜೇನಿನಲ್ಲಿ ಬಾಟ್ಯುಲಿಸಂ ಎಂಬ ಮಾರಕ ರೋಗದ ಬೀಜಾಣುಗಳಿರಬಹುದಾದ್ದರಿಂದ ವರ್ಷ ತುಂಬುವವರೆಗೆ ಅದು ವರ್ಜ್ಯ.

ಎಚ್‌ಐವಿ ಸೋಂಕಿರುವ ತಾಯಿ ಎದೆಹಾಲನ್ನೇ ಕೊಡಬಾರದೆಂಬ ಭಾವನೆ ಈಗಲೂ ಉಂಟು. ಸೋಂಕಿರುವ ಗರ್ಭಿಣಿಯರಿಗೆಲ್ಲ ಜೀವನಪರ್ಯಂತ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡುವ ಪದ್ಧತಿ ನಮ್ಮಲ್ಲಿ 2014ರಿಂದ ಜಾರಿಯಲ್ಲಿದೆ. ತಾಯಿ ಮಾತ್ರೆಯನ್ನು ತಪ್ಪದೆ ಸೇವಿಸಿ, ಮಗುವಿಗೆ ವೈದ್ಯರು ಹೇಳಿದಷ್ಟು ವಾರ ನೆವಿರಪಿನ್ ದ್ರಾವಣ ಹಾಕಿದರೆ ಹಾಲಿನಿಂದ ಸೋಂಕು ತಗಲುವ ಸಂಭವ ಬಹಳ ಕಡಿಮೆ. ಅಪಾಯ ಹೆಚ್ಚುವುದು ಬೆರಕೆಯಿಂದ. ಎದೆಹಾಲನ್ನಷ್ಟೇ ಕುಡಿದ ಕೂಸುಗಳಿಗಿಂತ ಬೇರೆ ಆಹಾರವನ್ನೂ ಸೇವಿಸಿದ ಕೂಸುಗಳಲ್ಲಿ ಸೋಂಕು ಹೆಚ್ಚೆಂಬುದನ್ನು ದಕ್ಷಿಣ ಆಫ್ರಿಕದ ಡರ್ಬನ್‌ನ ಅಧ್ಯಯನವೊಂದು 1999ರಲ್ಲಿಯೇ ತೋರಿಸಿತ್ತು. ಅನ್ಯ ಆಹಾರ ಎಳೆಯ ಕರುಳಿನ ಒಳಪದರವನ್ನು ಕೆರಳಿಸಿ ವೈರಾಣುವಿಗೆ ದಾರಿ ಮಾಡುವುದೆಂದು ತಜ್ಞರ ಅಭಿಪ್ರಾಯ. ಎದೆಹಾಲು ಸಾಧ್ಯವೇ ಇಲ್ಲದಿದ್ದರೆ ವೈದ್ಯರು ಸೂಚಿಸಿದ ಪರ್ಯಾಯ ಹಾಲನ್ನಷ್ಟೇ, ಕುದಿಸಿ ಶುಚಿಮಾಡಿದ ಒಳಲೆಯಲ್ಲಿ ಕುಡಿಸಬೇಕು. ಮಾತ್ರೆಯ ಬದಲಿಗೆ ಆಯುರ್ವೇದದಲ್ಲಿಯೇ ಮದ್ದಿದೆಯೆನ್ನುವವರನ್ನು, ಅವರು ನಮ್ಮ ವೃತ್ತಿಬಾಂಧವರೇ ಆದರೂ, ನಂಬಬೇಡಿ.

ಇಷ್ಟೆಲ್ಲ ಆಸ್ಪತ್ರೆಯಲ್ಲಿ ತಿಳಿದುಬಂದ ಸೊಸೆಯೊಬ್ಬಳು ಮನೆಯಲ್ಲಿ ಏನು ಮಾಡಬೇಕು? ಸೋಂಕಿನ ಸಂಗತಿಯನ್ನು ಅತ್ತೆಗೆ ತಿಳಿಸಿರುವುದಿಲ್ಲ. ಮುದ್ದಿನಿಂದ ಒಳಲೆ ಹಿಡಿದು ಬರುವ ಅತ್ತೆಯನ್ನು ಆಕೆ ಏನೆಂದು ತಡೆದಾಳು? ತಡೆದರೆ ಕಾರಣ ಕೇಳುತ್ತಾರೆ. ಸುಮ್ಮನಿದ್ದರೆ ಕೂಸಿಗೆ ಅಪಾಯ. ಯಾವ ಮನೆಯಲ್ಲಿಯೂ ಯಾವ ಮಗುವಿಗೂ ಆರು ತಿಂಗಳು ತುಂಬುವವರೆಗೆ, ವೈದ್ಯರು ಬರೆದ ಔಷಧದ ಹೊರತು, ಎದೆಹಾಲಿನ ಜೊತೆಗೆ ನೀರನ್ನೂ ಕೊಡುವುದಿಲ್ಲವೆಂಬುದೇ ಊರಿನ ರೂಢಿಯಾದರೆ ಆಕೆ ಯಾರಿಗೂ ಏನನ್ನೂ ಹೇಳಬೇಕಾಗುವುದಿಲ್ಲ. ಆ ರೂಢಿಯನ್ನು ತರಬಲ್ಲವರು ಹಿರಿಯ ತಾಯಂದಿರೇ. ಅದಕ್ಕೆಂದೇ ಈ ಮಾತುಗಳನ್ನು ಸೊಸೆಯರಿಗಿಂತ ಮೊದಲು ಅತ್ತೆಯಂದಿರ ಮುಂದಿಡುತ್ತಿದ್ದೇವೆ. ಏಳನೆಯ ತಿಂಗಳಿನಲ್ಲಿ ರಾಗಿ ಸರಿಯನ್ನು ಅವರೇ ಕೈಯಾರೆ ಕಲಸಿ ತಿನ್ನಿಸಲಿ. ಎದೆಹಾಲೂ ತಾಯಿಯ ಮಾತ್ರೆಯೂ ಆಗಲೂ ನಿಲ್ಲಬಾರದು.